ಹಕ್ಕಿಗೆಂದು ಕೊಂಡ ಲೆನ್ಸ್

ವಡೋದರಾದಲ್ಲಿ ಕನ್ನಡದವರ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಮೊದಲ ಫೋನು ಊರಿಗೆ, ಎರಡನೆಯದು ಪುರೋಹಿತರಿಗೆ, ಮೂರನೆಯದು ಶಂಕರನಾರಾಯಣರಿಗೆ. ಯಾರೂ ಕೂತು ಮಾಡಿದ ನಿಯಮವಲ್ಲ ಇದು, ತಾನಾಗಿ ಬೆಳೆದದ್ದು. ಬ್ಯಾಂಕು, ರೈಲ್ವೆ, ವಿಮೆ ಎಂದು ವರ್ಗವಾಗಿ ಬಂದವರು ಹಾಸಿಗೆ, ಮಿಕ್ಸಿ, ದೇವರ ಪೆಟ್ಟಿಗೆ ಎಲ್ಲ ಹೊತ್ತು ತರುತ್ತಾರೆ. ಫೋಟೋ ಆಲ್ಬಮ್ಮು ಮಾತ್ರ ಊರಲ್ಲೇ ಉಳಿದುಬಿಡುತ್ತದೆ. ಕೈಯಲ್ಲಿರುವುದು ಯಾವುದೋ ಅರ್ಜಿಗೆ ತೆಗೆಸಿದ, ಪೊಲೀಸರು ಹಿಡಿದು ತಂದವರ ಹಾಗೆ ಕಾಣುವ ಒಂದು ಚಿಕ್ಕ ಫೋಟೋ. ಅದಕ್ಕೆ ಹಾರ ಹಾಕುವುದು ಹೇಗೆ? ಆಗ ಯಾರಾದರೊಬ್ಬರು ಅನ್ನುತ್ತಾರೆ: “ಶಂಕರನಾರಾಯಣರ ಹತ್ರ ಇರುತ್ತೆ, ಕೇಳಿ ನೋಡಿ.”

ಇರುತ್ತಿತ್ತು. ಹದಿನೈದು ವರ್ಷದಿಂದ ಅಲ್ಲಿಯ ಕನ್ನಡ ಸಂಘದ ಒಂದು ಯುಗಾದಿ, ಒಂದು ಗಣೇಶ, ಒಂದು ರಾಜ್ಯೋತ್ಸವ ಬಿಡದೆ ಅವರು ಫೋಟೋ ತೆಗೆದಿದ್ದರು. ನೆಗೆಟಿವ್‌ಗಳನ್ನು ವರ್ಷವಾರು ಕತ್ತರಿಸಿ ಬಿಸ್ಕತ್ತಿನ ಡಬ್ಬಗಳಲ್ಲಿ ಇಟ್ಟಿದ್ದರು. ಫೋನು ಬಂದೊಡನೆ ಡಬ್ಬ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ಸತ್ತವರನ್ನು ಹುಡುಕುತ್ತಿದ್ದರು. ಮಕರಪುರದ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದ ದಾಮೋದರ ಹೋದಾಗ ಸಿಕ್ಕಿದ್ದು ಪಂಕ್ತಿಯ ಕೊನೆಯಲ್ಲಿ ಬಾಯಿ ತುಂಬ ಒಬ್ಬಟ್ಟು ತುಂಬಿಕೊಂಡಿದ್ದ ಮುಖ. ಉಗುರಿನಷ್ಟಿದ್ದ ಆ ಮುಖವನ್ನು ಲ್ಯಾಬಿನಲ್ಲಿ ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಿಸಿದರೆ ಏನುಳಿಯುತ್ತದೆ? ಕಣ್ಣಿದ್ದಲ್ಲಿ ಎರಡು ಕಪ್ಪು ಮಚ್ಚೆ, ಮೀಸೆಯಿದ್ದಲ್ಲಿ ಒಂದು ಗೀಟು. ಮನೆಯವರು ಅದನ್ನೇ ಎದೆಗೊತ್ತಿಕೊಂಡು, ಎದುರಿಗೆ ಬಂದು ಕೂತ ಹಾಗಿದೆ ಎಂದು ಅತ್ತರು. ಶಂಕರನಾರಾಯಣರಿಗೆ ಮಾತ್ರ ನಾಚಿಕೆಯಾಯಿತು. ಐವತ್ತು ವರ್ಷ ಬದುಕಿದ ಮನುಷ್ಯನಿಗೆ ಇಷ್ಟು ಮಬ್ಬಾದ ಮುಖ ಕೊಟ್ಟು ಕಳಿಸಿದೆನಲ್ಲ ಎಂದು ಎರಡು ದಿನ ಊಟ ಸೇರಲಿಲ್ಲ.

ಅವರು ರೈಲ್ವೆಯ ಡ್ರಾಫ್ಟ್ಸ್‌ಮನ್. ಅರಸೀಕೆರೆಯಿಂದ ಇಪ್ಪತ್ತೆರಡನೇ ವಯಸ್ಸಿಗೆ ಕೆಲಸ ಹಿಡಿದು ಹೊರಟವರು, ಊರೂರು ಸುತ್ತಿ ಎಪ್ಪತ್ತೈದನೇ ಇಸವಿಯಲ್ಲಿ ವಡೋದರಾಕ್ಕೆ ಬಂದು ಪ್ರತಾಪನಗರದ ಕಚೇರಿಯಲ್ಲಿ ಸ್ಟೇಷನ್ ಯಾರ್ಡುಗಳ ನಕ್ಷೆ ಬರೆಯುತ್ತಾ ಅಲ್ಲೇ ಬೇರು ಬಿಟ್ಟಿದ್ದರು. ಒಂದು ಗೆರೆ ಕೂದಲಷ್ಟು ಆಚೀಚೆಯಾದರೂ ಇಡೀ ಹಾಳೆ ಹರಿದು ಮತ್ತೆ ಶುರುಮಾಡುವ ಜಾತಿ. ಅಂಥವರ ಕೈಗೆ ಕ್ಯಾಮೆರಾ ಸಿಕ್ಕಿತೆಂದರೆ ಕೇಳಬೇಕೆ? ಮಸ್ಕತ್ತಿನಿಂದ ಭಾವಮೈದುನ ತಂದುಕೊಟ್ಟ ಜಪಾನೀ ಕ್ಯಾಮೆರಾವನ್ನು ಅವರು ಮಗುವನ್ನು ನೋಡಿಕೊಂಡದ್ದಕ್ಕಿಂತ ಜೋಪಾನವಾಗಿ ನೋಡಿಕೊಂಡರು. ಇದು ನನ್ನ ಮಾತಲ್ಲ, ಅವರ ಹೆಂಡತಿ ಸುಲೋಚನಾ ಎಲ್ಲರೆದುರು ಆಡುತ್ತಿದ್ದ ಮಾತು. ಹೇಳಿ ಆಕೆಯೇ ಮೊದಲು ನಗುತ್ತಿದ್ದರು.

ತೊಂಬತ್ತಾರರ ಜೂನಿನಲ್ಲಿ ಆ ಸುಲೋಚನಾ ಅವರಿಗೆ ಅನ್ನ ಕಂಡರೆ ಆಗದಂತಾಯಿತು. ಹೊಟ್ಟೆನೋವು, ವಾಂತಿ, ಸೆರಗು ಜಾರುವಷ್ಟು ಇಳಿದ ಭುಜ. ರೈಲ್ವೆ ಆಸ್ಪತ್ರೆಯವರು ಅಹಮದಾಬಾದಿನ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಎರಡು ದಿನದ ಪರೀಕ್ಷೆ ಮುಗಿದ ಮೇಲೆ ಡಾಕ್ಟರು ಆಕೆಯನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ, ಇವರೊಬ್ಬರನ್ನೇ ಒಳಗೆ ಕರೆದು, ಬಾಗಿಲು ಹಾಕಿಸಿದರು. ಗಡ್ಡೆ ಮೇದೋಜೀರಕದಿಂದ ಪಿತ್ತಕೋಶದವರೆಗೂ ಹಬ್ಬಿದೆ, ಕತ್ತಿ ಹಾಕುವ ಹಾಗಿಲ್ಲ, ಆರು ತಿಂಗಳು, ತಡೆದುಕೊಂಡರೆ ಎಂಟು. “ಆಕೆಗೆ ಹೇಳಬೇಡಿ, ಧೈರ್ಯ ಕುಸಿದರೆ ಇನ್ನೂ ಬೇಗ” ಎಂದರು. ಶಂಕರನಾರಾಯಣರು ಹೊರಗೆ ಬಂದು ಹೆಂಡತಿಯ ಪಕ್ಕ ಕೂತು, ಅಲ್ಸರ್ ಅಂತೆ, ಖಾರ ಬಿಡಬೇಕಂತೆ ಎಂದರು. “ಅಷ್ಟೇನಾ!” ಎಂದರು ಸುಲೋಚನಾ. ಅಂದಿನಿಂದ ಆ ಮನೆಯಲ್ಲಿ ಹುಳಿಗೆ ಮೆಣಸಿನಕಾಯಿ ಬೀಳುವುದು ನಿಂತಿತು. ಖಾರವಿಲ್ಲದ ಹುಳಿಯನ್ನು ಅವರೂ ಆಕೆಯ ಜೊತೆಗೇ ತಿಂದರು.

ಒಂದು ಭಾನುವಾರ ಮಧ್ಯಾಹ್ನ ಆಕೆ ಪಕ್ಕದ ಕ್ವಾರ್ಟರ್ಸಿಗೆ ಹೋಗಿದ್ದಾಗ ಅವರು ಬಿಸ್ಕತ್ತಿನ ಡಬ್ಬಗಳನ್ನೆಲ್ಲ ಹರಡಿಕೊಂಡು ಕೂತರು. ಯಾಕೆಂದು ಬಿಡಿಸಿ ಹೇಳಬೇಕಿಲ್ಲ. ಹದಿನೈದು ವರ್ಷದ ನೆಗೆಟಿವ್‌ಗಳಲ್ಲಿ ಊರವರೆಲ್ಲ ಇದ್ದರು, ಹೆಂಡತಿ ಇರಲಿಲ್ಲ. ಒಂದರಲ್ಲಿ ಬಡಿಸುವ ಕೈ, ಬಳೆಯಿಂದ ಗುರುತು ಹಿಡಿಯಬೇಕು. ಒಂದರಲ್ಲಿ ಬೆನ್ನು. ಒಂದರಲ್ಲಿ ಕಂಬದ ಮರೆಯಲ್ಲಿ ಅರ್ಧ ಕಿವಿ. ಮದುವೆಯ ಫೋಟೋದಲ್ಲಿ ತಲೆ ತಗ್ಗಿಸಿ ಕೂತದ್ದರಿಂದ ಕಂಡದ್ದು ಬೈತಲೆ ಮಾತ್ರ. ಕ್ಯಾಮೆರಾ ಎತ್ತಿದಾಗಲೆಲ್ಲ ಆಕೆ, ನಂದೇನು, ನಾನು ದಿನಾ ಇರೋಳೇ, ಎಂದು ಪಕ್ಕಕ್ಕೆ ಸರಿಯುತ್ತಿದ್ದರು. ಇವರೂ ಹೌದಲ್ಲ ಎಂದು ಸುಮ್ಮನಾಗುತ್ತಿದ್ದರು. ಪರರ ಮುಖಗಳನ್ನು ಇಷ್ಟು ವರ್ಷ ಕಾದಿಟ್ಟ ಮನುಷ್ಯನಿಗೆ ತನ್ನ ಹೆಂಡತಿಯ ಒಂದು ಮುಖ ಸಿಗಲಿಲ್ಲ. ಡಬ್ಬದ ಮುಚ್ಚಳ ಕೈಯಲ್ಲಿ ಹಿಡಿದು ಅವರು ಬಿಕ್ಕಿದರು.

ಈಗ ಒಂದು ತೆಗೆದರಾಯಿತಲ್ಲ ಎನ್ನಬಹುದು. ಆಗುವಂತಿರಲಿಲ್ಲ. ದಾಮೋದರನ ಪ್ರಸಂಗವಾದ ಮೇಲೆ ಶಂಕರನಾರಾಯಣರು ಸಂಘಕ್ಕೆ ಬರುವ ವಯಸ್ಸಾದವರನ್ನು ಒಬ್ಬೊಬ್ಬರನ್ನಾಗಿ ಕಿಟಕಿಯ ಬಳಿ ಕೂರಿಸಿ ‘ಸುಮ್ಮನೆ ಒಂದು’ ತೆಗೆಯುತ್ತಿದ್ದರು. ಆ ಸುಮ್ಮನೆಯ ಅರ್ಥ ಎಲ್ಲರಿಗೂ ಗೊತ್ತಿತ್ತು. ಎಂಬತ್ತು ದಾಟಿದ ಶಕುಂತಲಮ್ಮನಂತೂ, “ನಂದು ಈಗ್ಲೇ ತೆಗೆದುಬಿಡಪ್ಪ, ಆಮೇಲೆ ಈ ಹಲ್ಲಿನ ಸೆಟ್ಟು ಹಾಕ್ತಾರೋ ಇಲ್ವೋ” ಎಂದು ತಾನೇ ಬಂದು ಕೂತಿದ್ದಳು. ಅವರಿಗೆಲ್ಲ ಸೆರಗು ಸರಿಮಾಡಿ, ಕುಂಕುಮ ತಿದ್ದಿ ಕೂರಿಸುತ್ತಿದ್ದವರೇ ಸುಲೋಚನಾ. ಆಕೆಯನ್ನು ಆ ಕಿಟಕಿಯ ಬಳಿ ಕೂತುಕೋ ಎನ್ನುವುದೂ, ನೀನು ಸಾಯುತ್ತೀಯ ಎನ್ನುವುದೂ ಒಂದೇ. ಆದ್ದರಿಂದ ತೆಗೆಯಬೇಕು, ಆದರೆ ಆಕೆಗೆ ಗೊತ್ತಾಗಬಾರದು. ಅವರಿಗೆ ಉಳಿದದ್ದು ಅದೊಂದೇ ಕೆಲಸ.

ಅವರಲ್ಲಿದ್ದ ಝೂಮ್ ಲೆನ್ಸು ಚಿಕ್ಕದು. ಅದರಲ್ಲಿ ಮುಖ ತುಂಬಿ ಬರಬೇಕಾದರೆ ಕೈ ಚಾಚಿದರೆ ಮೂಗು ಮುಟ್ಟುವಷ್ಟು ಹತ್ತಿರ ಹೋಗಬೇಕು. ದೂರದಿಂದ ಮುಖ ಹಿಡಿಯುವ ದೊಡ್ಡ ಝೂಮ್ ಬೇಕಿತ್ತು. ಮೊದಲು ಸೂರತ್ತಿಗೆ ಹೋದರು. ಪಾಸು ಇತ್ತು, ನೆಪವೂ ಇತ್ತು: ಮಗಳು ಪ್ರತೀಕ್ಷಾ ಅಲ್ಲಿಯ ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿದ್ದಳು. ಎರಡು ವರ್ಷದ ಹಿಂದಿನ ಪ್ಲೇಗಿನ ಭಯ ಮುಗಿದ ಮೇಲೆ ಗುಡಿಸಿ ತೊಳೆದಿಟ್ಟಿದ್ದ ಆ ಊರಿನ ಚೌಕ್ ಬಜಾರಿನ ಅಂಗಡಿಯಲ್ಲಿ ಇದ್ದ ಒಂದೇ ಒಂದು ಲೆನ್ಸಿನೊಳಗೆ ಬೂಷ್ಟು ಹಿಡಿದಿತ್ತು. ಮಗಳು, “ಅಪ್ಪಾ, ಮಮ್ಮೀದು ಅಲ್ಸರ್ ಹೇಗಿದೆ? ಮಜಾ ಮಾ?” ಎಂದು ತನ್ನ ಅರ್ಧ ಕನ್ನಡ ಅರ್ಧ ಗುಜರಾತಿಯಲ್ಲಿ ಕೇಳಿದಳು. ಅವಳ ಕಾಲೇಜಿನ ಪರೀಕ್ಷೆ ಮುಗಿಯಲಿ ಎಂದುಕೊಂಡು, “ಮಜಾ ಮಾ, ಚೆನ್ನಾಗಿದ್ದಾಳೆ” ಎಂದುಬಿಟ್ಟರು. ವಾಪಸು ಬರುವಾಗ ರೈಲಿನಲ್ಲಿ ತಮ್ಮ ಬಾಯಿಗೆ ತಾವೇ ಬೈದುಕೊಂಡರು.

ಆಮೇಲೆ ಎರಡು ತಿಂಗಳು ಅದೇ ಧ್ಯಾನ. ಕಚೇರಿಯ ಟ್ರೇಸಿಂಗ್ ಹಾಳೆಯ ಮೇಲೆ ಕಾಲಮ್ಮು ಎಳೆದು ಒಂದೊಂದು ಲೆನ್ಸಿನ ಉದ್ದ, ತೂಕ, ಗಾಜಿನ ಅಗಲ ಬರೆದರು. ಹಳೆಯ ಫೋಟೋ ಪತ್ರಿಕೆಗಳನ್ನು ತಿರುವಿದರು. ಮನೆಯಲ್ಲಿ ಹೆಂಡತಿ ದಿನಕ್ಕೊಂದು ತುತ್ತು ಕಡಿಮೆ ತಿನ್ನುತ್ತಿದ್ದರೆ ಈ ಮನುಷ್ಯ ಗಾಜಿನ ಲೆಕ್ಕ ಮಾಡುತ್ತಿದ್ದರಲ್ಲ ಎಂದು ನನಗೂ ಒಮ್ಮೊಮ್ಮೆ ಸಿಟ್ಟು ಬರುತ್ತದೆ. ಆದರೆ ಡಾಕ್ಟರಿಗೆ ಆಗದ್ದರ ಮುಂದೆ ಡ್ರಾಫ್ಟ್ಸ್‌ಮನ್ ಏನು ಮಾಡಬಲ್ಲ? ಗೆರೆ ಎಳೆಯುವುದು ಬರುತ್ತಿತ್ತು, ಎಳೆದರು.

ಅಕ್ಟೋಬರಿನಲ್ಲಿ ಔಷಧಿ ತರಲು ಅಹಮದಾಬಾದಿಗೆ ಒಬ್ಬರೇ ಹೋದರು. ನವರಂಗಪುರದಲ್ಲಿ ದೊಡ್ಡಣ್ಣನವರ ಉಡುಪಿ ಹೋಟೆಲಿತ್ತು. ದಕ್ಷಿಣ ಕನ್ನಡದ ಕಡೆಯಿಂದ ಬಂದು ಮೂವತ್ತು ವರ್ಷದಿಂದ ಗುಜರಾತಿಗಳಿಗೆ ದೋಸೆ ತಿನ್ನಿಸುತ್ತಿದ್ದ ಆಸಾಮಿ. ಅಹಮದಾಬಾದು, ವಡೋದರಾ, ಸೂರತ್ತು ಮೂರೂ ಊರಿನ ಕನ್ನಡದವರಿಗೆ ಬೇಕಾದವರು. ಲೆನ್ಸಿನ ಮಾತು ಎತ್ತಿದ್ದೇ ತಡ, ಗಲ್ಲಾಪೆಟ್ಟಿಗೆ ತಮ್ಮನಿಗೆ ಬಿಟ್ಟು ಎದ್ದೇಬಿಟ್ಟರು. “ನಮ್ಮ ಜಯಂತಿಭಾಯಿ ಅಂಗಡಿ ಉಂಟಲ್ಲ, ಇಲ್ಲೇ. ದಿನಾ ನಮ್ಮಲ್ಲೇ ಕಾಫಿ. ಬನ್ನಿ ಮಾರಾಯ್ರೆ, ನಾನೇ ಮಾತಾಡ್ತೇನೆ.”

ಜಯಂತಿಭಾಯಿ ಬಿಳಿ ಶರಟಿನ, ಮೆತ್ತಗೆ ಮಾತಾಡುವ ಮುದುಕ. ಕೌಂಟರಿನ ಮೇಲೆ ಹಸಿರು ಬಟ್ಟೆ ಹಾಸಿ ಮೂರು ಲೆನ್ಸುಗಳನ್ನು ಸಾಲಾಗಿ ನಿಲ್ಲಿಸಿದರು. ಆದರೆ ಕೈಗೆ ಕೊಡಲಿಲ್ಲ. ಅವರದೊಂದು ಪದ್ಧತಿಯಂತೆ: ಏನು ತೆಗೆಯುತ್ತೀರಿ ಎಂದು ಗಿರಾಕಿ ಹೇಳದ ಹೊರತು ಅವರು ಬೆಲೆ ಹೇಳುವುದಿಲ್ಲ, ಲೆನ್ಸು ಮುಟ್ಟಗೊಡುವುದೂ ಇಲ್ಲ. “ಹೇಳಿ ಸಾಹೇಬರೇ,” ಎಂದು ಹಿಂದಿಯಲ್ಲಿ ಕೇಳಿದರು, “ಏನನ್ನು ತೆಗೆಯಬೇಕು?”

ಲೆನ್ಸಿನ ಬಗ್ಗೆ ಇನ್ನು ಯಾವ ಪ್ರಶ್ನೆ ಕೇಳಿದ್ದರೂ ಶಂಕರನಾರಾಯಣರು ಪಟಪಟನೆ ಉತ್ತರ ಹೇಳುತ್ತಿದ್ದರು. ಇದೊಂದಕ್ಕೆ ಸಿದ್ಧವಾಗಿ ಬಂದಿರಲಿಲ್ಲ. ಹೆಂಡತಿಯ ಮುಖ ಎನ್ನಲು ಬಾಯಿ ತೆರೆದರು. ಪಕ್ಕದಲ್ಲಿ ದೊಡ್ಡಣ್ಣ ನಿಂತಿದ್ದರು. ದೊಡ್ಡಣ್ಣನ ಕಿವಿಗೆ ಬಿದ್ದರೆ ಅವರ ಹೆಂಡತಿ ಪದ್ಮಾವತಿಯ ಕಿವಿಗೆ ಬಿದ್ದ ಹಾಗೆ. ಪದ್ಮಾವತಿಗೆ ಗೊತ್ತಾದರೆ ಸಂಜೆಯೊಳಗೆ ಫೋನಿನಲ್ಲಿ ಸುಲೋಚನಾಗೆ ಗೊತ್ತಾಗುತ್ತದೆ. ತೆರೆದ ಬಾಯಿಂದ ಬಂದದ್ದು, “ಹಕ್ಕಿ.”

“ಎಂಥ ಹಕ್ಕಿ ಮಾರಾಯ್ರೆ ವಡೋದರಾದಲ್ಲಿ? ಕಾಗೆಯಾ?” ದೊಡ್ಡಣ್ಣ ಗಹಗಹಿಸಿ ನಕ್ಕರು.

ಜಯಂತಿಭಾಯಿ ನಗಲಿಲ್ಲ. ಗಂಭೀರವಾಗಿ ತಲೆಯಾಡಿಸಿ, ಮೂರರಲ್ಲಿ ಎರಡನ್ನು ಪೆಟ್ಟಿಗೆಗೆ ವಾಪಸು ಹಾಕತೊಡಗಿದರು. ಹಾಗೆ ಹಾಕುತ್ತಾ, ಗಿಡ್ಡಗೆ ದಪ್ಪಗಿದ್ದ, ಅಂಗೈಯಗಲದ ಗಾಜಿನ ಒಂದನ್ನು ಕ್ಷಣ ತಡೆದು, “ಮನುಷ್ಯರ ಮುಖ ಎಂದಿದ್ದರೆ ಇದನ್ನು ಕೊಡುತ್ತಿದ್ದೆ. ಮನೆಯೊಳಗಿನ ಮಂಕು ಬೆಳಕಿನಲ್ಲೂ ಮುಖವನ್ನು ಎತ್ತಿ ಕೊಡುತ್ತದೆ. ನಿಮಗೆ ಬೇಡ. ಹಕ್ಕಿಗೆ ಇದು” ಎಂದು ಉದ್ದನೆಯ ಇನ್ನೊಂದನ್ನು ಮುಂದಿಟ್ಟರು. ಎಳೆದರೆ ಮುನ್ನೂರು ಮಿಲಿಮೀಟರಿನವರೆಗೆ ಹೋಗುವ ಝೂಮ್, ಒಳ್ಳೆಯ ಬಿಸಿಲು ಬೇಕು, ಹಕ್ಕಿಯಿದ್ದಲ್ಲಿ ಬಿಸಿಲು ಇದ್ದೇ ಇರುತ್ತದಲ್ಲ.

ಶಂಕರನಾರಾಯಣರ ಕಣ್ಣು ಪೆಟ್ಟಿಗೆಯೊಳಗೆ ಹೋಗುತ್ತಿದ್ದ ದಪ್ಪ ಲೆನ್ಸಿನ ಮೇಲೆಯೇ ಇತ್ತು. ಅವರ ಟ್ರೇಸಿಂಗ್ ಹಾಳೆಯ ಲೆಕ್ಕ ಕೂಡ ಅದನ್ನೇ ಹೇಳುತ್ತಿತ್ತು. ಆಡಿದ ಮಾತು ನುಂಗಿಕೊಂಡು, ಅದನ್ನೂ ಒಮ್ಮೆ ನೋಡೋಣ ಎನ್ನಬಹುದಿತ್ತು. ಅಂದರೆ ದೊಡ್ಡಣ್ಣ ಯಾಕೆ ಎನ್ನುತ್ತಾರೆ, ಯಾರ ಮುಖ ಎನ್ನುತ್ತಾರೆ. ಅವರಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಒಂದು ಹೇಳುವಷ್ಟರಲ್ಲಿ ಬೆವರಿದ್ದರು, ಎರಡನೆಯದಕ್ಕೆ ತ್ರಾಣವಿರಲಿಲ್ಲ. ಬೇಡದ ಲೆನ್ಸನ್ನು ಕಟ್ಟಿಸಿಕೊಂಡು ಹೊರಗೆ ಬಂದರು.

ಮನೆ ಮುಟ್ಟಿದಾಗ ಸುಲೋಚನಾ ಬಾಗಿಲಲ್ಲೇ ನಿಂತಿದ್ದರು. “ಏನ್ರೀ ಇದು, ಹಕ್ಕಿ ಫೋಟೋ ತೆಗೀತೀರಂತೆ? ಪದ್ಮಾವತಿ ಫೋನ್ ಮಾಡಿದ್ಲು, ಬಿದ್ದು ಬಿದ್ದು ನಗ್ತಿದ್ಲು.”

ಪದ್ಮಾವತಿಯ ವಿಷಯದಲ್ಲಿ ಅವರ ಅಂದಾಜು ತಪ್ಪಿರಲಿಲ್ಲ. ಆ ಸಮಾಧಾನ ಎರಡು ದಿನ ಮಾತ್ರ ಇತ್ತು.

ಸುಲೋಚನಾ ಇರುತ್ತಿದ್ದುದು ಅಡುಗೆಮನೆಯಲ್ಲಿ, ನಡುಕೋಣೆಯಲ್ಲಿ, ದೇವರ ಮುಂದೆ. ರೈಲ್ವೆ ಕ್ವಾರ್ಟರ್ಸಿನ ಅಡುಗೆಮನೆಗೆ ಇದ್ದದ್ದು ಒಂದು ಜಾಲರಿ ಕಿಟಕಿ, ಅದರಾಚೆ ನೀರಿನ ಟ್ಯಾಂಕಿನ ಗೋಡೆ. ಶಂಕರನಾರಾಯಣರು ಹೊರಬಾಗಿಲಲ್ಲಿ ನಿಂತು, ಹಜಾರ ದಾಟಿ, ಒಲೆಯ ಮುಂದಿನ ಹೆಂಡತಿಗೆ ಗುರಿಯಿಟ್ಟರೆ ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮುಳ್ಳು ತಳದಿಂದ ಮೇಲೇಳುತ್ತಲೇ ಇರಲಿಲ್ಲ. ಆದರೂ ತೆಗೆದರು. ಉಸಿರು ಬಿಗಿಹಿಡಿದು, ಬಾಗಿಲ ಚೌಕಟ್ಟಿಗೆ ಮೊಣಕೈ ಒತ್ತಿ ತೆಗೆದರು. ಮೂರು ರೋಲು ತೊಳೆಸಿದರು. ಎಲ್ಲದರಲ್ಲೂ ಬಂದದ್ದು ಒಲೆಯ ಮುಂದೆ ಅಲುಗುವ ಒಂದು ನೆರಳು. ದಾಮೋದರನಿಗಾದರೂ ಕಣ್ಣಿದ್ದಲ್ಲಿ ಮಚ್ಚೆಗಳಿದ್ದವು. ಇಲ್ಲಿ ಅದೂ ಇರಲಿಲ್ಲ. ಲ್ಯಾಬಿನವನು, ಕ್ಯಾಮೆರಾ ಕೆಟ್ಟಿದೆಯೇ ಎಂದು ಕೇಳಿದ.

“ಅಡುಗೆಮನೇಲಿ ಯಾವ ಹಕ್ಕಿ ರೀ?” ಎಂದು ಆಕೆ ತಿರುಗಿ ಕೇಳಿದ ದಿನ ಅವರು, “ಲೆನ್ಸು ಟೆಸ್ಟ್ ಮಾಡ್ತಿದೀನಿ” ಎಂದು ಸರಿದುಕೊಂಡರು. ಆ ದಪ್ಪ ಲೆನ್ಸು ಇದ್ದಿದ್ದರೆ ಈ ಬಾಗಿಲಲ್ಲೇ, ಈ ಬೆಳಕಲ್ಲೇ ಮುಗಿದುಹೋಗುತ್ತಿತ್ತು. ಅದನ್ನು ನೆನೆದಾಗೆಲ್ಲ ಅವರಿಗೆ ಹಣೆ ಚಚ್ಚಿಕೊಳ್ಳಬೇಕೆನಿಸುತ್ತಿತ್ತು. ಆಕೆಯ ಕೆನ್ನೆ ವಾರದಿಂದ ವಾರಕ್ಕೆ ಒಳಗೆ ಹೋಗುತ್ತಿತ್ತು. ಕಣ್ಣಿನ ಬಿಳಿ ಹಳದಿಯಾಗತೊಡಗಿತು. ಇನ್ನು ತಡಮಾಡಿದರೆ ಫೋಟೋದಲ್ಲಿ ಬರುವುದು ಸುಲೋಚನಾ ಅಲ್ಲ, ಕಾಯಿಲೆ.

ಡಿಸೆಂಬರಿನ ಮೊದಲ ಭಾನುವಾರ ಬೆಳಿಗ್ಗೆ ಅವರು ಹೆಂಡತಿಗೆ, “ಕಮಾಟಿ ಬಾಗಿಗೆ ಹೋಗೋಣ ಬಾ, ಬಿಸಿಲು ಚೆನ್ನಾಗಿದೆ, ಹಕ್ಕಿಗಳಿರ್ತವೆ” ಎಂದರು. ಮಗಳು ಚಿಕ್ಕವಳಿದ್ದಾಗ ಆ ತೋಟದ ಪುಟಾಣಿ ರೈಲು ತೋರಿಸಲು ಒಮ್ಮೆ ಹೋಗಿದ್ದು ಬಿಟ್ಟರೆ ಇಬ್ಬರೇ ಎಲ್ಲಿಗೂ ಹೊರಟದ್ದಿಲ್ಲ. ಸುಲೋಚನಾ ಗಂಡನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಒಳಗೆ ಹೋಗಿ ಕಡುನೀಲಿ ಮೈಸೂರು ಸಿಲ್ಕ್ ಉಟ್ಟುಕೊಂಡು ಬಂದರು. ತೋಟಕ್ಕೆ ಹೋಗಲು ಸಿಲ್ಕ್ ಯಾಕೆ ಎಂದು ಅವರಿಗೆ ಹೊಳೆಯಲಿಲ್ಲ. ಬಣ್ಣ ಫಿಲಂನಲ್ಲಿ ನೀಲಿ ಚೆನ್ನಾಗಿ ಬರುತ್ತದೆ ಎಂದಷ್ಟೇ ಹೊಳೆಯಿತು.

ವಿಶ್ವಾಮಿತ್ರಿ ನದಿಯ ಕಡೆಗಿದ್ದ ಬೆಂಚಿನ ಮೇಲೆ ಆಕೆಯನ್ನು ಬಿಸಿಲಿಗೆ ಮುಖ ಮಾಡಿ ಕೂರಿಸಿದರು. ತಾವು ಹದಿನೈದಿಪ್ಪತ್ತು ಹೆಜ್ಜೆ ನಡೆದು, ಬೇಲಿಯ ಬಳಿ ನಿಂತು, ನೀರಿನಂಚಿನ ಬೆಳ್ಳಕ್ಕಿಗಳ ಕಡೆ ಕ್ಯಾಮೆರಾ ಹಿಡಿದರು. ನಿಜವಾಗಿ ನಾಲ್ಕಾರು ತೆಗೆದರು ಕೂಡ. ಆಮೇಲೆ ಒಂದು ಬೇವಿನ ಮರದ ಹಿಂದೆ ಸರಿದು, ಕಳ್ಳನಂತೆ, ಮೆಲ್ಲಗೆ ತಿರುಗಿದರು. ಝೂಮಿನ ಬಳೆಯನ್ನು ಎಳೆದರು. ಹಾದಿ ಹೋಯಿತು, ಬೆಂಚು ಹೋಯಿತು, ನೀಲಿ ಸೀರೆಯ ನೆರಿಗೆ ಹೋಯಿತು. ಮುಖ ಬಂತು.

ಆ ಮುಖವನ್ನು ಅವರು ನೋಡಿರಲಿಲ್ಲ. ಇಪ್ಪತ್ತಮೂರು ವರ್ಷ ಒಂದೇ ಮನೆಯಲ್ಲಿದ್ದೂ ನೋಡಿರಲಿಲ್ಲ. ಗಂಡ ಹಕ್ಕಿಯ ಕಡೆಗಿದ್ದಾನೆ ಎಂದುಕೊಂಡು ಸುಲೋಚನಾ ಎಡಗೈಯನ್ನು ಪಕ್ಕೆಗೆ ಒತ್ತಿ ಹಿಡಿದು, ಕೆಳತುಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದರು. ಕಣ್ಣು ತುಂಬಿದ್ದವು, ಆದರೆ ಅಳುವಿನ ಕಣ್ಣಲ್ಲ. ಎದುರಿಗೆ ಓಡಾಡುವ ಮಕ್ಕಳನ್ನು, ಕಡಲೆಕಾಯಿ ಮಾರುವವನನ್ನು, ಬಿಸಿಲು ಬಿದ್ದ ಹುಲ್ಲನ್ನು ಒಂದೊಂದಾಗಿ ಹಿಡಿದು ಹಿಡಿದು ನೋಡುತ್ತಿದ್ದವು. ಹುಬ್ಬಿನ ನಡುವೆ ಸಿಟ್ಟಿತ್ತು. ಕಸಿದುಕೊಳ್ಳಲು ಬಂದವರ ಮುಂದೆ ಕೈಯಲ್ಲಿದ್ದುದನ್ನು ಬಿಡದೆ ಬಿಗಿಹಿಡಿದವರ ಸಿಟ್ಟು. ಅಲ್ಸರ್ ಎಂದುಕೊಂಡ ಹೆಂಗಸಿನ ಮುಖವಲ್ಲ ಅದು. ಇವಳಿಗೆ ಗೊತ್ತಿದೆ ಎಂದು ಶಂಕರನಾರಾಯಣರಿಗೆ ಹೊಳೆಯಿತು. ಹದಿನೈದು ವರ್ಷದ ರೂಢಿಯ ಬೆರಳು ಗುಂಡಿ ಒತ್ತಿಬಿಟ್ಟಿತು.

ಅಷ್ಟರಲ್ಲಿ ಆಕೆ ತಲೆ ತಿರುಗಿಸಿ ಮರದ ಮರೆಯ ಲೆನ್ಸನ್ನು ಕಂಡರು. ಒಂದು ಕ್ಷಣ. ಕೈ ಪಕ್ಕೆಯಿಂದ ಮಡಿಲಿಗೆ ಬಂತು, ತುಟಿ ಸಡಿಲವಾಯಿತು, ಸೆರಗು ಭುಜದ ಮೇಲೆ ನೆಟ್ಟಗಾಯಿತು. ನಕ್ಕರು. ಎಲ್ಲರಿಗೂ ಗೊತ್ತಿದ್ದ, ಬಾಗಿಲು ತೆರೆಯುವಾಗಿನ ನಗು. ಅವರು ಮತ್ತೊಮ್ಮೆ ಒತ್ತಿದರು.

“ಸಿಕ್ಕಿದ್ವಾ ಹಕ್ಕಿ?” ಎಂದು ಬೆಂಚಿನ ಬಳಿ ಬಂದಾಗ ಕೇಳಿದರು ಸುಲೋಚನಾ.

“ನಾಲ್ಕೈದು.”

ಆಟೋದಲ್ಲಿ ಅವರು ರೋಲನ್ನು ಕ್ಯಾಮೆರಾದಿಂದ ತೆಗೆದು ಜೇಬಿಗೆ ಹಾಕಿಕೊಂಡರು.

ಬುಧವಾರ ಸಂಜೆ ಕಚೇರಿಯಿಂದ ಬರುವಾಗ ಲ್ಯಾಬಿನಿಂದ ಪ್ರಿಂಟುಗಳನ್ನು ತಂದರು. ದಾರಿಯಲ್ಲೇ, ಸೈಕಲ್ ನಿಲ್ಲಿಸಿ, ಹೆಂಡತಿಯ ಎರಡು ಫೋಟೋಗಳಲ್ಲಿ ಮೊದಲನೆಯದನ್ನು ಬೇರೆ ಮಾಡಿ ಶರಟಿನ ಜೇಬಿಗೆ ಹಾಕಿಕೊಂಡಿದ್ದರು. ಸುಲೋಚನಾ ನೆಲದ ಮೇಲೆ ಕೂತು ಹಸಿ ತೊಗರಿ ಬಿಡಿಸುತ್ತಿದ್ದರು. ತಿನ್ನಲು ಆಗದಿದ್ದರೂ ಚಳಿಗಾಲ ಬಂತೆಂದರೆ ತೊಗರಿ ತಂದು ಬಿಡಿಸುವುದನ್ನು ಬಿಟ್ಟಿರಲಿಲ್ಲ. ಪ್ರಿಂಟುಗಳನ್ನು ಒಂದೊಂದಾಗಿ ನೋಡಿದರು. ಬೆಳ್ಳಕ್ಕಿ, ಬೆಳ್ಳಕ್ಕಿ, ನೀರು. ಕೊನೆಗೆ ನಗುವ ತಮ್ಮದು.

“ಚೆನ್ನಾಗಿ ಬಂದಿದೆ” ಎಂದರು. ಆಮೇಲೆ ಕೈ ಚಾಚಿದರು. “ಇದಕ್ಕೆ ಮುಂಚಿಂದು ಕೊಡಿ.”

“ಮುಂಚಿಂದು ಯಾವ್ದು?”

“ನಾನು ತಿರುಗೋಕೆ ಮುಂಚೆ ನೀವು ನನ್ನನ್ನೇ ನೋಡ್ತಿದ್ರಿ. ಎಷ್ಟು ವರ್ಷ ಆಯ್ತು ನಿಮ್ಮನ್ನ ನೋಡ್ತಾ, ಕ್ಯಾಮೆರಾ ಹಿಡ್ಕೊಂಡು ಸುಮ್ನೆ ನಿಲ್ಲೋ ಆಸಾಮೀನಾ ನೀವು? ಜೇಬಲ್ಲಿದೆ, ಕೊಡಿ.”

ಅವರು ಕೊಡಲಿಲ್ಲ. ನೆಲದ ಮೇಲೆ ಆಕೆಯ ಎದುರು ಕೂತರು. “ನಿಂಗೆ ಯಾರು ಹೇಳಿದ್ರು?” ಎಂದು ಕೇಳಿದರು.

“ಯಾರ್ ಹೇಳ್ಬೇಕು? ಅಹಮದಾಬಾದಲ್ಲಿ ನನ್ನನ್ನ ಕೂರಿಸಿದ್ರಲ್ಲ ಆ ಬೆಂಚು, ಅದರ ನೆತ್ತಿ ಮೇಲೇ ಕ್ಯಾನ್ಸರ್ ಅಂತ ಬೋರ್ಡಿತ್ತು. ಫೈಲಿನ ಮೇಲೂ ಬರೆದಿತ್ತು, ಇಷ್ಟು ದಪ್ಪ ಅಕ್ಷರದಲ್ಲಿ. ಆ ಫೈಲನ್ನ ನೀವು ನನ್ ತೊಡೆ ಮೇಲೇ ಇಟ್ಟು ಕರ್ಕೊಂಡು ಬಂದ್ರಿ.”

ಬೋರ್ಡು ಗುಜರಾತಿಯಲ್ಲಿತ್ತು. ಫೈಲೂ ಗುಜರಾತಿಯಲ್ಲಿತ್ತು. ಕಚೇರಿಯ ಇಂಗ್ಲಿಷಿನಲ್ಲಿ, ಬಜಾರಿನ ಹಿಂದಿಯಲ್ಲಿ ಇಪ್ಪತ್ತೊಂದು ವರ್ಷ ಕಳೆದ ಶಂಕರನಾರಾಯಣರು ಆ ಊರಿನ ಒಂದಕ್ಷರ ಕಲಿತಿರಲಿಲ್ಲ. ಕಣ್ಣಿಗೆ ಬಿದ್ದರೂ ಅದು ಅವರಿಗೆ ಬರೀ ಗೀಟು. ಹೆಂಡತಿಗೂ ಹಾಗೇ ಎಂದುಕೊಂಡಿದ್ದರು. ಪ್ರತೀಕ್ಷಾ ಒಂದನೇ ಕ್ಲಾಸಿನಲ್ಲಿ ಸ್ಲೇಟು ಹಿಡಿದು ತಿದ್ದುವಾಗ ಪಕ್ಕದಲ್ಲಿ ಕೂತು ತಾನೂ ತಿದ್ದಿದವಳು ಈಕೆ ಎಂಬುದನ್ನು ಅವರು ಗಮನಿಸಿಯೇ ಇರಲಿಲ್ಲ.

“ಜೂನಿಂದ ಗೊತ್ತಾ? ಮತ್ತೆ ಯಾಕೆ ಹೇಳ್ಲಿಲ್ಲ?”

“ನೀವು ಅಷ್ಟು ಕಷ್ಟಪಟ್ಟು ಮುಚ್ಚಿಡ್ತಿದ್ರಿ. ಖಾರ ಇಲ್ದಿರೋ ಹುಳಿ ತಿಂತಿದ್ರಿ. ನಂಗೆ ಗೊತ್ತು ಅಂದ್ರೆ ನೀವು ನನ್ ಮುಂದೇನೇ ಅಳ್ತೀರಿ, ಆಮೇಲೆ ನಾನೂ ಅಳ್ಬೇಕು. ದಿನಾ ಅದೇ ಆಗುತ್ತೆ ಅನ್ನಿಸ್ತು.” ಆಕೆ ತೊಗರಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. “ಪ್ರತೀಕ್ಷಾಗೆ ಹೇಳಿ. ನಾಳೇನೇ ಹೋಗಿ ಕರ್ಕೊಂಡು ಬನ್ನಿ. ಈಗ ಆ ಫೋಟೋ ಕೊಡಿ.”

ಕೊಟ್ಟರು. ಸುಲೋಚನಾ ಅದನ್ನು ದೀಪದ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಎರ‍ಡನ್ನೂ ಪಕ್ಕಪಕ್ಕ ನೆಲದ ಮೇಲಿಟ್ಟು, ಅಂಗಡಿಯಲ್ಲಿ ಸೀರೆ ನೋಡುವವರ ಹಾಗೆ ತಲೆ ಓರೆಮಾಡಿ ಅಳೆದರು. ನಗುವ ಫೋಟೋವನ್ನು ಗಂಡನ ಕಡೆಗೆ ತಳ್ಳಿದರು.

“ಇದು ಬೇಡ. ಇದನ್ನ ದೊಡ್ಡದು ಮಾಡ್ಸಿ” ಎಂದು ತುಟಿ ಕಚ್ಚಿದ ಮುಖದ ಮೇಲೆ ಬೆರಳಿಟ್ಟರು.

“ಇದನ್ನಾ? ಬೇಡ ಸುಲೋಚನಾ. ಇದನ್ನ ಹೇಗೆ ನೋಡ್ಲಿ ನಾನು ದಿನಾ?”

“ನಗೋದು ಹಾಕಿದ್ರೆ ಬಂದೋರೆಲ್ಲ, ಪಾಪ ಪುಣ್ಯಾತ್ಗಿತ್ತಿ ನಗ್‌ನಗ್ತಾ ಹೋದ್ಲು ಅಂತಾರೆ. ನಾನೇ ಎಷ್ಟು ಜನಕ್ಕೆ ಹಾಗೆ ಅಂದಿಲ್ಲ?” ಆಕೆಯ ದನಿ ಮೊದಲ ಸಲ ಒಡೆಯಿತು. “ನಂಗೆ ಹೋಗೋಕೆ ಇಷ್ಟ ಇಲ್ಲ ರೀ. ಒಂಚೂರೂ ಇಷ್ಟ ಇಲ್ಲ. ಅದು ಗೋಡೆ ಮೇಲಾದ್ರೂ ಇರ್ಲಿ.”

ಫೆಬ್ರವರಿಯಲ್ಲಿ ಸುಲೋಚನಾ ಹೋದರು. ಹದಿಮೂರನೆಯ ದಿನ ಬಂದವರು ಹಾರ ಹಾಕಿದ ಫೋಟೋದ ಮುಂದೆ ಕೈಮುಗಿದು, ತಲೆ ಎತ್ತಿ, ತಕ್ಷಣ ಕಣ್ಣು ಬೇರೆ ಕಡೆಗೆ ಹೊರಳಿಸಿದರು. “ಬೇರೆ ಇರ್ಲಿಲ್ವಾ ಮಾರಾಯ್ರೆ?” ಎಂದು ದೊಡ್ಡಣ್ಣ ಕಿವಿಯಲ್ಲಿ ಕೇಳಿದರು. ಶಕುಂತಲಮ್ಮನಿಗೆ ಕಿವಿಯಲ್ಲಿ ಹೇಳುವ ಅಭ್ಯಾಸವಿರಲಿಲ್ಲ. ಊರವರದ್ದೆಲ್ಲ ತೆಗೆದವನು, ಕಟ್ಟಿಕೊಂಡವಳದ್ದು ಒಂದು ಒಳ್ಳೆಯ ಫೋಟೋ ತೆಗೆಯಲಿಲ್ಲವಲ್ಲ ಎಂದು ಪಂಕ್ತಿಯಲ್ಲೇ ಆಡಿಬಿಟ್ಟಳು. ಕೂತವರಲ್ಲಿ ಹಲವರು ತಲೆಯಾಡಿಸಿದರು. ಪ್ರತೀಕ್ಷಾ ಸಿಟ್ಟಿನಿಂದ ಏನೋ ಹೇಳಲು ಎದ್ದಳು; ಶಂಕರನಾರಾಯಣರು ಮಗಳ ಕೈ ಹಿಡಿದು ಕೂರಿಸಿದರು. ಅವರು ತೆಗೆದ ಅಷ್ಟೂ ಫೋಟೋಗಳಲ್ಲಿ ಇದ್ದದ್ದು ಇದ್ದ ಹಾಗೆ ಬಂದದ್ದು ಅದೊಂದೇ. ಅದನ್ನು ಬಂದವರಿಗೆಲ್ಲ ವಿವರಿಸಲು ಅವರಿಗೆ ಮನಸ್ಸಾಗಲಿಲ್ಲ. ಎದ್ದು ಹೋಗಿ, ಕಡೆಯ ಪಂಕ್ತಿಗೆ ನೀರು ಬಡಿಸಿದರು.